ಬೂದಿಕೋಟೆಯ ತುಪಾಕಿಯಿಂದ ಹತ್ತು ಮೀಟರ್ ಪಿಸ್ತೂಲಿನವರೆಗೆ: ನಮ್ಮ ಸೀಮೆಯ ಗುರಿಯ ಕಥೆ

ವೇಮಗಲ್ ಸುತ್ತಮುತ್ತ ಬೆಳೆದವರಿಗೆ ಗುರಿ ಅಂದ ತಕ್ಷಣ ನೆನಪಾಗುವುದು ಕ್ಯಾಟರ್‌ಬಿಲ್ಲು. ಹುಣಸೆ ಕವೆ, ಸೈಕಲ್ ಟ್ಯೂಬು, ಒಂದು ತುಂಡು ಚಪ್ಪಲಿ ತೊಗಲು. ಶ್ರೀನಿವಾಸಪುರದ ಕಡೆ ನೆಂಟರ ಮನೆಗೆ ಹೋದರೆ ಮಾವಿನ ತೋಪಿನಲ್ಲಿ ಅದೇ ಆಟ. ಹತ್ತು ಕಲ್ಲಿಗೆ ಒಂದು ಕಾಯಿ ಬಿದ್ದರೆ ಅವನೇ ಅರ್ಜುನ. ಆಮೇಲೆ ಕಾಲೇಜಿನಲ್ಲಿ ಎನ್‌ಸಿಸಿ ಕ್ಯಾಂಪು. ನೆಲಕ್ಕೆ ಮಲಗಿ .22 ರೈಫಲ್ಲಿನಿಂದ ಹಾರಿಸಿದ ಐದು ಗುಂಡು. ನಮ್ಮಂಥ ಹಳ್ಳಿ ಹುಡುಗ ಹುಡುಗಿಯರಿಗೆ ಬಂದೂಕಿನ ಪರಿಚಯ ಅಷ್ಟಕ್ಕೇ ಮುಗಿಯುತ್ತದೆ.

ಈಚೆಗೆ ಬೆಂಗಳೂರಿನ ಒಂದು ಶೂಟಿಂಗ್ ರೇಂಜಿಗೆ ಹೋಗುವ ಅವಕಾಶ ಸಿಕ್ಕಿತು. ಕೈಗೆ ಬಂದದ್ದು ಏರ್ ಪಿಸ್ತೂಲು. ಹತ್ತು ಮೀಟರ್ ದೂರದಲ್ಲಿ ಅಂಗೈಯಗಲದ ಕಾಗದ. ನಮ್ಮ ಮನೆಯ ನಡುಮನೆಯಿಂದ ದನದ ಕೊಟ್ಟಿಗೆಗೆ ಇರುವಷ್ಟೇ ದೂರ. ಇದೇನು ಮಹಾ ಅಂದುಕೊಂಡು ಹತ್ತು ಸಲ ಹಾರಿಸಿದೆ. ಎರಡು ಕಾಗದಕ್ಕೇ ತಾಗಲಿಲ್ಲ. ಉಳಿದ ಎಂಟು ಸಿಡುಬಿನ ಕಲೆಯ ಹಾಗೆ ಎಲ್ಲೆಂದರಲ್ಲಿ, ಹೆಚ್ಚಿನವು ಎಡಕ್ಕೆ, ಕೆಳಕ್ಕೆ.

ಕಲಿಸುವವರು ನಗಲಿಲ್ಲ. "ಗುರಿಯನ್ನು ನೋಡಬೇಡಿ, ಪಿಸ್ತೂಲಿನ ತುದಿಯ ಮೊನೆ ನೋಡಿ" ಅಂದರು. ಗುರಿಯನ್ನೇ ನೋಡದೆ ಗುರಿ ಹೊಡೆಯುವುದು ಹೇಗೆ? ಆ ಪ್ರಶ್ನೆ ಹಿಡಿದುಕೊಂಡು ಊರಿಗೆ ಬಂದು ಹುಡುಕುತ್ತಾ ಹೋದರೆ, ಅದರ ಹಿಂದಿನ ಚರಿತ್ರೆಯಲ್ಲಿ ಒಂದು ಪಾಲು ನಮ್ಮ ಕೋಲಾರದ್ದೇ ಎಂದು ಗೊತ್ತಾಯಿತು.

ಬೂದಿಕೋಟೆಯ ಹುಡುಗ

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ 1720ರ ಆಸುಪಾಸಿನಲ್ಲಿ ಹುಟ್ಟಿದವನು ಹೈದರಾಲಿ. ಅವನ ತಂದೆ ಫತೇ ಮಹಮ್ಮದ್ ಮದ್ದಿನ ಬಾಣ, ಅಂದರೆ ರಾಕೆಟ್ ಹಾರಿಸುವ ತುಕಡಿಯೊಂದಕ್ಕೆ ನಾಯಕನಾಗಿದ್ದವನು. ಕೋಲಾರ ಪಟ್ಟಣದ ಮಕ್ಬರಾದಲ್ಲಿ ಅವನ ಸಮಾಧಿ ಈಗಲೂ ಇದೆ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರ ಹೈದರ್ ತೀರಿಕೊಂಡಾಗ ಸಾವಿನ ಸುದ್ದಿ ಮುಚ್ಚಿಟ್ಟು, ಶವವನ್ನು ಮೊದಲು ತಂದದ್ದು ಇದೇ ಕೋಲಾರಕ್ಕೆ. ಆಮೇಲೆ ಅದನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಬಸ್ ಸ್ಟ್ಯಾಂಡಿಗೆ ಹೋಗುವಾಗ ಆ ಗೋಡೆಯ ಪಕ್ಕದಲ್ಲೇ ಎಷ್ಟೋ ಸಲ ನಡೆದಿದ್ದೇವೆ, ಒಳಗೆ ಹೋಗಿ ನೋಡಿದವರು ಕಡಿಮೆ.

ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಕಾಲ ಬದಲಾಗುತ್ತಿದೆ ಎಂಬುದು ಅವನಿಗೆ ಬೇರೆಯವರಿಗಿಂತ ಮೊದಲೇ ಹೊಳೆದಿತ್ತು. 1750ರ ದಶಕದಲ್ಲಿ ಅವನ ಅಣ್ಣನ ಮೂಲಕ ಪಾರ್ಸಿ ವ್ಯಾಪಾರಿಯೊಬ್ಬನನ್ನು ಹಿಡಿದು, ಬೊಂಬಾಯಿಯ ಇಂಗ್ಲಿಷರಿಂದಲೇ ತೋಪು, ಬಂದೂಕು ಕೊಳ್ಳುವ ಏರ್ಪಾಡಾಯಿತು. ತೋಪು ನಡೆಸಲು ಸುಮಾರು ಮೂವತ್ತು ಜನ ಯುರೋಪಿನ ನಾವಿಕರನ್ನು ಸೇರಿಸಿಕೊಂಡ. ಚಕಮಕಿ ಬಂದೂಕು, ಬಯೊನೆಟ್ ಹಿಡಿದ ಸಿಪಾಯಿಗಳ ಪಡೆ ಕಟ್ಟಿದ ಮೊದಲ ಭಾರತೀಯ ಎಂಬ ಹೆಸರು ಚರಿತ್ರೆಯಲ್ಲಿ ಅವನಿಗೆ ಬಂದದ್ದು ಹೀಗೆ.

ಅಲ್ಲಿಯವರೆಗೆ ಹೆಚ್ಚಾಗಿ ಇದ್ದದ್ದು ಬತ್ತಿ ಬಂದೂಕು. ಉರಿಯುವ ಬತ್ತಿಯನ್ನು ಮದ್ದಿಗೆ ತಾಗಿಸಬೇಕು. ಮಳೆ ಬಂದರೆ ಬತ್ತಿ ಆರುತ್ತದೆ, ರಾತ್ರಿ ಬತ್ತಿಯ ಕೆಂಡ ಶತ್ರುವಿಗೆ ಕಾಣುತ್ತದೆ. ಚಕಮಕಿ ಬಂದೂಕಿನಲ್ಲಿ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರುತ್ತದೆ. ಬೇಗ ಹಾರುತ್ತದೆ, ಆದರೆ ಗುರಿ ಅಷ್ಟಕ್ಕಷ್ಟೇ.

ಕಾರಣ ಇಷ್ಟೇ. ನಳಿಗೆಯ ಒಳಗೋಡೆ ನುಣ್ಣಗೆ. ಬೇಗ ತುಂಬಲು ಅನುಕೂಲವಾಗಲಿ ಎಂದು ಸೀಸದ ಗುಂಡು ನಳಿಗೆಗಿಂತ ಸ್ವಲ್ಪ ಚಿಕ್ಕದು. ಹಾರುವಾಗ ಅದು ಒಳಗೋಡೆಗೆ ಬಡಿದುಕೊಳ್ಳುತ್ತಾ ಹೊರಬರುತ್ತದೆ. ಕೊನೆಯ ಬಡಿತ ಎಡಕ್ಕಾದರೆ ಗುಂಡು ಬಲಕ್ಕೆ. ನೂರು ಗಜ ದಾಟಿದರೆ ಒಬ್ಬನಿಗೇ ಗುರಿಯಿಟ್ಟು ಹೊಡೆಯುವುದು ಅದೃಷ್ಟದ ಮಾತು. ಆದ್ದರಿಂದಲೇ ಆ ಕಾಲದ ಸೈನ್ಯಗಳು ಸಾಲಾಗಿ ನಿಂತು ಒಟ್ಟಿಗೆ ಹಾರಿಸುತ್ತಿದ್ದವು. ಪಳಗಿದ ಸಿಪಾಯಿ ಒಂದು ನಿಮಿಷಕ್ಕೆ ಮೂರು ಸಲ ತುಂಬಿ ಹೊಡೆಯಬೇಕಿತ್ತು. ಅವನಿಗೆ ಕಲಿಸುತ್ತಿದ್ದದ್ದು ವೇಗ, ಗುರಿಯಲ್ಲ.

ಮುಳಬಾಗಿಲಿನ ಬಂಡೆಯ ಮೇಲೆ

ಆ ಕಾಲದ ಯುದ್ಧದಲ್ಲಿ ಗುರಿಗಿಂತ ಸದ್ದು ಎಷ್ಟು ದೊಡ್ಡದಾಗಿತ್ತು ಎನ್ನುವುದಕ್ಕೆ ನಮ್ಮ ಮುಳಬಾಗಿಲೇ ಸಾಕ್ಷಿ.

ಮೊದಲನೆಯ ಮೈಸೂರು ಯುದ್ಧದ ಸಮಯ. 1768ರ ಅಕ್ಟೋಬರ್ 4. ಮುಳಬಾಗಿಲು ಕೋಟೆಯನ್ನು ಹೈದರ್ ವಾಪಸು ಹಿಡಿದಿದ್ದ. ಅದನ್ನು ಬಿಡಿಸಿಕೊಳ್ಳಲು ಬಂದ ಇಂಗ್ಲಿಷ್ ಕರ್ನಲ್ ವುಡ್‌ನ ಪಡೆ ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಸೋಲು ಹತ್ತಿರ ಬಂದಿತ್ತು. ಆಗ ಸಾಮಾನು ಕಾಯಲು ಬಿಟ್ಟಿದ್ದ ಕ್ಯಾಪ್ಟನ್ ಬ್ರೂಕ್ ಎಂಬುವನು ಗಾಯಾಳುಗಳನ್ನು, ಕಾಯಿಲೆಯವರನ್ನು ಸೇರಿಸಿಕೊಂಡು ಎರಡು ತೋಪುಗಳನ್ನು ಒಂದು ಬಂಡೆಯ ಮೇಲಕ್ಕೆ ಎಳೆಸಿ ಹಾರಿಸಿದ. ಜೊತೆಗೆ ಎಲ್ಲರೂ "ಸ್ಮಿತ್, ಸ್ಮಿತ್" ಎಂದು ಗಂಟಲು ಹರಿಯುವ ಹಾಗೆ ಕೂಗಿದರು. ಕರ್ನಲ್ ಸ್ಮಿತ್‌ನ ದೊಡ್ಡ ಸೈನ್ಯ ಬಂತೆಂದು ಮೈಸೂರಿನವರು ನಂಬಿ ಹಿಂದಕ್ಕೆ ಸರಿದರು. ನಿಜ ತಿಳಿದು ಹೈದರ್ ಮತ್ತೆ ಮೇಲೆ ಬಿದ್ದ. ಅಷ್ಟರಲ್ಲಿ ವುಡ್ ತನ್ನ ಪಡೆಯನ್ನು ಸುಧಾರಿಸಿಕೊಂಡಿದ್ದ.

ಗುಂಡಿಗಿಂತ ಕೂಗು ಕೆಲಸ ಮಾಡಿದ ಯುದ್ಧ ಅದು. ಮುಳಬಾಗಿಲಿನ ಬಂಡೆಗಳನ್ನು ನೋಡಿದವರಿಗೆ ಅಲ್ಲಿ ಸೈನ್ಯ ಅಡಗುವುದು ಎಷ್ಟು ಸುಲಭ, ಎದುರಿನವನ ಎಣಿಕೆ ತಪ್ಪುವುದು ಎಷ್ಟು ಸುಲಭ ಎಂದು ಬಿಡಿಸಿ ಹೇಳಬೇಕಿಲ್ಲ.

ಎಡಗೈಗೊಂದು, ಬಲಗೈಗೊಂದು

ಟಿಪ್ಪುವಿನ ಕಾಲಕ್ಕೆ ಬಂದೂಕುಗಳು ಇಲ್ಲೇ ತಯಾರಾಗತೊಡಗಿದವು. ಶ್ರೀರಂಗಪಟ್ಟಣ, ನಗರ, ಬೆಂಗಳೂರು, ಚಿತ್ರದುರ್ಗದಲ್ಲಿ ಕಾರ್ಖಾನೆಗಳಿದ್ದವು. ಕಬ್ಬಿಣ ಕರಗಿಸುವವರು, ಉಕ್ಕು ಮಾಡುವವರು ನಮ್ಮ ನಾಡಿನಲ್ಲಿ ಮೊದಲಿನಿಂದಲೂ ಇದ್ದರು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಅವರ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ. ಜಗತ್ತು 'ವೂಟ್ಸ್' ಎಂದು ಕರೆಯುವ ಉಕ್ಕಿನ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಬಂದದ್ದು ಎಂದು ಹೇಳುತ್ತಾರೆ.

ಆ ಕಾರ್ಖಾನೆಗಳ ಪಿಸ್ತೂಲುಗಳು ಇವತ್ತು ಇಂಗ್ಲೆಂಡಿನ ಸಂಗ್ರಹಗಳಲ್ಲಿವೆ. ನಳಿಗೆಯ ಮೇಲೆ ಬೆಳ್ಳಿಯ ಕುಸುರಿ, ಹುಲಿಯ ಪಟ್ಟೆ, ಹುಲಿಯ ಮುಖ. ಮಾಡಿದ ಊರು, ವರ್ಷ, ಕೆಲವದರ ಮೇಲೆ ಸಯ್ಯದ್ ಮಾಸೂಮ್‌ನಂಥ ಕಮ್ಮಾರನ ಹೆಸರು. ಅವುಗಳಲ್ಲಿ ಒಂದು ವಿಶೇಷವಿದೆ. ಜೋಡಿ ಪಿಸ್ತೂಲುಗಳಲ್ಲಿ ಒಂದರ ಚಕಮಕಿ ಯಂತ್ರ ಬಲಬದಿಗೆ, ಇನ್ನೊಂದರದು ಎಡಬದಿಗೆ. ಕನ್ನಡಿಯಲ್ಲಿ ನೋಡಿದ ಹಾಗೆ. ಎರಡೂ ಕೈಗೆ ಹೊಂದುವಂತೆ ಅಷ್ಟು ಲೆಕ್ಕ ಹಾಕಿ ಮಾಡಿದ ಜೋಡಿಗಳು ಆಗ ಬೇರೆ ಕಡೆ ಅಪರೂಪ.

ಆದರೂ ಅದು ಚಕಮಕಿ ಪಿಸ್ತೂಲೇ. ಒಂದು ಗುಂಡು, ಹತ್ತು ಹದಿನೈದು ಹೆಜ್ಜೆ ದೂರ, ಅಷ್ಟೇ. ಕುದುರೆಯ ಮೇಲಿನವನು ಎದುರಾಳಿಯ ಮೈಗೆ ತಾಗುವಷ್ಟು ಹತ್ತಿರ ಹೋದಾಗ ಹಾರಿಸುವ ಆಯುಧ. 1791ರಲ್ಲಿ ಕಾರ್ನ್‌ವಾಲಿಸ್ ಮೂಗ್ಲಿ ಘಾಟ್ ಹತ್ತಿ ನಮ್ಮ ಕೋಲಾರದ ಮೇಲೆಯೇ ಬೆಂಗಳೂರಿಗೆ ಹೋದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅಲ್ಲಿಗೆ ಆ ಕಾರ್ಖಾನೆಗಳ ಕಥೆ ಮುಗಿಯಿತು. ಕಮ್ಮಾರರ ಕೈಯಲ್ಲಿದ್ದ ವಿದ್ಯೆ ಮತ್ತೆ ಕುಡುಗೋಲು, ಗುದ್ದಲಿಗೆ ಇಳಿಯಿತು.

ಬುಗುರಿ ತಿರುಗಿದ ಹಾಗೆ

ಗುರಿಯ ಚರಿತ್ರೆ ತಿರುಗಿದ್ದು ಒಂದು ಚಿಕ್ಕ ಉಪಾಯದಿಂದ. ನಳಿಗೆಯ ಒಳಗೆ ಸುರುಳಿಯಾಗಿ ಗೀರು ಕೊರೆಯುವುದು. ಗುಂಡು ಆ ಗೀರಿಗೆ ಕಚ್ಚಿಕೊಂಡು ತಿರುಗುತ್ತಾ ಹೊರಬರುತ್ತದೆ. ಬುಗುರಿ ತಿರುಗುತ್ತಿರುವಷ್ಟು ಹೊತ್ತು ನೆಟ್ಟಗೆ ನಿಲ್ಲುತ್ತದಲ್ಲ, ಹಾಗೆ ತಿರುಗುವ ಗುಂಡು ನೆಟ್ಟಗೆ ಹೋಗುತ್ತದೆ. ಈ ವಿದ್ಯೆ ಮೊದಲೇ ಗೊತ್ತಿತ್ತು, ಆದರೆ ಗುಂಡನ್ನು ಬಿಗಿಯಾಗಿ ಬಡಿದು ತುಂಬಲು ಹೊತ್ತು ಹಿಡಿಯುತ್ತಿತ್ತು. 1849ರಲ್ಲಿ ಫ್ರಾನ್ಸಿನ ಮಿನಿಯೆ ಎಂಬುವನು ಸಲೀಸಾಗಿ ಒಳಗೆ ಇಳಿದು, ಹಾರುವಾಗ ಅಗಲವಾಗಿ ಗೀರಿಗೆ ಕಚ್ಚುವ ಗುಂಡು ಮಾಡಿದ ಮೇಲೆ ಸಾಮಾನ್ಯ ಸಿಪಾಯಿಗೂ ಗುರಿ ಸಿಕ್ಕಿತು. 1853ರ ಎನ್‌ಫೀಲ್ಡ್ ಅದೇ ಬಗೆಯದು. ಅದರ ತೋಟಾಕ್ಕೆ ಹಚ್ಚಿದ ಕೊಬ್ಬಿನ ವಿಷಯ 1857ರಲ್ಲಿ ಏನೇನು ಮಾಡಿತು ಎಂದು ಶಾಲೆಯಲ್ಲಿ ಓದಿದ್ದೇವೆ.

ಚಿಕ್ಕ ಪಿಸ್ತೂಲಿನ ಸರದಿ ಬಂದದ್ದು ಆಮೇಲೆ. ಅಮೆರಿಕದ ಜಾನ್ ಬ್ರೌನಿಂಗ್ 1899ರ ಹೊತ್ತಿಗೆ ಬೆಲ್ಜಿಯಂನ ಕಂಪನಿಯೊಂದಕ್ಕೆ, ಗುಂಡಿನ ಹಿಂದೊತ್ತಿನಿಂದಲೇ ಮುಂದಿನ ಗುಂಡು ತುಂಬಿಕೊಳ್ಳುವ, ಕೋಟಿನ ಜೇಬಿಗೆ ಹಿಡಿಸುವ ಪಿಸ್ತೂಲು ರೂಪಿಸಿದ. ಅದಕ್ಕೆಂದು ಮಾಡಿದ ತೋಟಾ .32. ಆಶ್ಚರ್ಯವೆಂದರೆ ಇವತ್ತಿಗೂ ನಮ್ಮ ದೇಶದಲ್ಲಿ ಪರವಾನಗಿ ಪಡೆದ ಸಾಮಾನ್ಯ ಜನರಿಗೆ ಸರ್ಕಾರಿ ಕಾರ್ಖಾನೆ ಮಾಡಿಕೊಡುವ ಪಿಸ್ತೂಲು ಅದೇ .32ರದ್ದು. ಪೊಲೀಸರು, ಸೈನಿಕರು ಬಳಸುವ 9 ಮಿ.ಮೀ. ಪಿಸ್ತೂಲು ನಾಗರಿಕರಿಗೆ ಸಾಮಾನ್ಯವಾಗಿ ನಿಷಿದ್ಧ.

ಚಿಕ್ಕದು ಯಾಕೆ ಕಷ್ಟ?

ಇಲ್ಲಿ ಒಂದು ಸಣ್ಣ ಲೆಕ್ಕ. ಪಿಸ್ತೂಲಿನ ಹಿಂದೆ ಒಂದು ಕಚ್ಚು, ಮುಂದೆ ಒಂದು ಮೊನೆ. ಎರಡೂ ಒಂದೇ ಸಾಲಿಗೆ ಬಂದರೆ ಗುರಿ. ರೈಫಲ್ಲಿನಲ್ಲಿ ಈ ಎರಡರ ನಡುವೆ 75 ಸೆಂಟಿಮೀಟರ್ ಇದೆ ಎಂದಿಟ್ಟುಕೊಳ್ಳಿ. ಚಿಕ್ಕ ಪಿಸ್ತೂಲಿನಲ್ಲಿ 15. ಮೊನೆ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ, 15 ಮೀಟರ್ ದೂರದಲ್ಲಿ ರೈಫಲ್ಲಿನ ಗುಂಡು ತಪ್ಪುವುದು 2 ಸೆಂಟಿಮೀಟರ್. ಪಿಸ್ತೂಲಿನದು 10. ಒಂದೇ ತಪ್ಪಿಗೆ ಐದು ಪಟ್ಟು ದಂಡ.

ಮೊನೆ ನೋಡಿ ಎಂದು ಅವರು ಹೇಳಿದ್ದು ಇದಕ್ಕೇ. ಕಣ್ಣು ಒಂದೇ ಸಲಕ್ಕೆ ಹತ್ತಿರದ್ದನ್ನೂ ದೂರದ್ದನ್ನೂ ಸ್ಪಷ್ಟವಾಗಿ ಕಾಣಲಾರದು. ಗುರಿ ಮಸುಕಾಗಿ ಕಂಡರೆ ಆಗುವ ನಷ್ಟ ಕಡಿಮೆ, ಮೊನೆ ಮಸುಕಾದರೆ ಆಗುವ ನಷ್ಟ ಹೆಚ್ಚು.

ಇನ್ನೊಂದು ತಪ್ಪು ಬೆರಳಿನದು. ಸದ್ದು ಬರುತ್ತದೆ ಎಂದು ಮನಸ್ಸಿಗೆ ಮೊದಲೇ ಗೊತ್ತು. ಆ ಗಳಿಗೆಗೆ ಕೈ ಬಿಗಿಯುತ್ತದೆ, ಬೆರಳು ಕುದುರೆಯನ್ನು ಜಗ್ಗುತ್ತದೆ. ಬಲಗೈಯವನ ಗುಂಡು ಎಡಕ್ಕೆ, ಕೆಳಕ್ಕೆ ಹೋಗುವುದು ಇದರಿಂದ. ನನ್ನ ಕಾಗದದ ಮೇಲೆ ಇದ್ದದ್ದು ಇದೇ ಕಥೆ. ಮದ್ದು ದೇಹಕ್ಕೆ ಹೇಳಬೇಕು, ಪಿಸ್ತೂಲಿಗಲ್ಲ. ಹಾಲು ಕರೆಯುವಾಗ ಮೊಲೆಯನ್ನು ಜಗ್ಗಿದರೆ ಹಸು ಒದೆಯುತ್ತದೆ, ಒತ್ತಿದರೆ ಹಾಲು ಬರುತ್ತದೆ. ಹಾಗೆ ಮೆಲ್ಲಗೆ, ನೇರವಾಗಿ ಹಿಂದಕ್ಕೆ ಒತ್ತುವುದು.

ರೇಂಜಿನಲ್ಲಿ ಆ ದಿನ ಅರ್ಧ ಗಂಟೆ ಪೆಲೆಟ್ ಹಾಕದೆಯೇ ಖಾಲಿ ಅಭ್ಯಾಸ ಮಾಡಿಸಿದರು. ಮೊನೆ ಅಲ್ಲಾಡದಂತೆ ಕುದುರೆ ಒತ್ತುವುದು, ಅಷ್ಟೇ. ಆಮೇಲಿನ ಹತ್ತರಲ್ಲಿ ಎಲ್ಲವೂ ಕಾಗದಕ್ಕೆ ತಾಗಿದವು. ಏಳು ಒಂದು ನಿಂಬೆಹಣ್ಣಿನಗಲದ ಗುಂಪಿನಲ್ಲಿ. ನಡುವಿಗಲ್ಲ, ಸ್ವಲ್ಪ ಕೆಳಗೆ. ಅವರಿಗೆ ಅದೇ ಖುಷಿ. ಗುಂಪು ಮೊದಲು, ನಡು ಆಮೇಲೆ ಅಂದರು. ಒಂದೇ ತಪ್ಪನ್ನು ಏಳು ಸಲ ಮಾಡಿದರೆ ತಿದ್ದಬಹುದು. ಏಳು ಬೇರೆ ಬೇರೆ ತಪ್ಪು ಮಾಡಿದವನನ್ನು ಯಾರು ತಿದ್ದುವುದು?

ಅಭ್ಯಾಸ ಯಾರ ಪಾಲಿಗೆ?

ಇಲ್ಲಿಗೆ ಬಂದಾಗ ಚರಿತ್ರೆಯ ಇನ್ನೊಂದು ಮುಖ ಕಾಣುತ್ತದೆ. ಗುರಿ ಬರುವುದು ಅಭ್ಯಾಸದಿಂದ. ಅಭ್ಯಾಸಕ್ಕೆ ಆಯುಧ, ಮದ್ದು, ಜಾಗ, ಬಿಡುವು ಬೇಕು. ಇವೆಲ್ಲ ಯಾರ ಕೈಯಲ್ಲಿದ್ದವು?

1878ರ ಆಯುಧ ಕಾಯ್ದೆ ಬ್ರಿಟಿಷ್ ಇಂಡಿಯಾದಲ್ಲಿ ಭಾರತೀಯರಿಗೆ ಪರವಾನಗಿ ಕಡ್ಡಾಯ ಮಾಡಿತು, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಕೊಡಗಿನವರಿಗೆ ಸಿಕ್ಕ ವಿನಾಯಿತಿ ಬೇರೆ ಕಥೆ, ಅದು ಇವತ್ತಿಗೂ ಮುಂದುವರಿದಿದೆ. ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಊರ ಸಂಭ್ರಮ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಯುರೋಪಿಯನ್, ಆಂಗ್ಲೋ ಇಂಡಿಯನ್ ನೌಕರರ ಸ್ವಯಂಸೇವಕ ರೈಫಲ್ ಪಡೆಯಿತ್ತು. ಗುರಿ ಅಭ್ಯಾಸ ಅವರ ಕೆಲಸದ ಭಾಗ. ನೆಲದ ಕೆಳಗೆ ಇಳಿದು ಕಲ್ಲು ಒಡೆಯುತ್ತಿದ್ದ ಕೂಲಿಯ ಕೈಗೆ ಸಿಕ್ಕದ್ದು ಸುತ್ತಿಗೆ, ಚಾಣ.

ಇನ್ನು 1938ರ ಏಪ್ರಿಲ್ 25. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ. ಆಗ ಅದು ನಮ್ಮ ಕೋಲಾರ ಜಿಲ್ಲೆಯೇ, ಚಿಕ್ಕಬಳ್ಳಾಪುರ ಬೇರೆಯಾದದ್ದು 2007ರಲ್ಲಿ. ಜಾತ್ರೆಯ ಸಮಯ. ನಿಷೇಧ ಮೀರಿ ಕಾಂಗ್ರೆಸ್ಸಿನ ಬಾವುಟ ಹಾರಿಸಲು, ಭಾಷಣ ಕೇಳಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಬಹಳ ಅಂತರ. ಗಾಂಧೀಜಿ ಪಟೇಲರನ್ನೂ ಕೃಪಲಾನಿಯವರನ್ನೂ ಕಳುಹಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದವಾಗಿ ಮೈಸೂರಿನಲ್ಲಿ ಬಾವುಟ ಹಾರಿಸಲು ದಾರಿಯಾಯಿತು. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂಬ ಹೆಸರು ಆ ಊರಿಗೆ ಉಳಿಯಿತು.

ಗುರಿಯ ಕಥೆ ಬರೆಯುವಾಗ ಇದನ್ನು ಬಿಡಲು ಮನಸ್ಸು ಬರುವುದಿಲ್ಲ. ಕೈ ಎಷ್ಟೇ ಪಳಗಿದ್ದರೂ, ನಳಿಗೆ ಯಾರ ಕಡೆ ತಿರುಗಿದೆ ಎನ್ನುವುದೇ ಮೊದಲ ಪ್ರಶ್ನೆ. ರೇಂಜಿನ ಮೊದಲ ಪಾಠವೂ ಅದೇ. ಎಲ್ಲ ಬಂದೂಕೂ ತುಂಬಿದೆ ಎಂದೇ ತಿಳಿ. ಮನುಷ್ಯನ ಕಡೆ ಎಂದೂ ತಿರುಗಿಸಬೇಡ. ಹಾರಿಸುವ ಗಳಿಗೆಯವರೆಗೆ ಬೆರಳು ಕುದುರೆಯ ಹೊರಗಿರಲಿ. ಗುರಿಯ ಹಿಂದೆ ಏನಿದೆ ಎಂದು ನೋಡು. ಕಾಡುಹಂದಿಗೆಂದು ನಾಡಬಂದೂಕು ಹಿಡಿದು ರಾತ್ರಿ ಹೊಲ ಕಾಯುವವರಿಗೆ ಈ ನಾಲ್ಕು ಮಾತು ಯಾರೂ ಹೇಳಿಕೊಟ್ಟಿರುವುದಿಲ್ಲ.

ಕಾಗದಕ್ಕೆ ಮಾತ್ರ ಹೊಡೆಯುವವರು

ಸ್ವಾತಂತ್ರ್ಯದ ನಂತರ ಗುರಿ ನಿಧಾನವಾಗಿ ಆಟವಾಯಿತು. 1948ರಲ್ಲಿ ಎನ್‌ಸಿಸಿ, 1951ರಲ್ಲಿ ಮಾವಳಂಕರ್ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ರೈಫಲ್ ಸಂಸ್ಥೆ ಬಂದವು.

ಈ ಆಟದಲ್ಲಿ ಎಲ್ಲರೂ ನೆನೆಯುವ ಹೆಸರು ಹಂಗೇರಿಯ ಕರೊಲಿ ಟಕಾಚ್. ಸೈನಿಕ. 1938ರಲ್ಲಿ ಕೈಬಾಂಬು ಸಿಡಿದು ಗುರಿ ಹೊಡೆಯುವ ಬಲಗೈ ಹಾಳಾಯಿತು. ಸದ್ದಿಲ್ಲದೆ ಎಡಗೈಯಲ್ಲಿ ಕಲಿತ. 1948ರ ಲಂಡನ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಎರಡರಲ್ಲೂ ಪಿಸ್ತೂಲಿನಲ್ಲಿ ಚಿನ್ನ ಗೆದ್ದ.

ನಮ್ಮವರಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ. ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದು ಪಿಸ್ತೂಲು ಹಿಡಿದವರು. 2013ರಲ್ಲಿ ಕೊರಿಯಾದ ಚಾಂಗ್‌ವನ್ ವಿಶ್ವಕಪ್ಪಿನಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಕಂಚು ಪಡೆದರು. ಅದೇ ವರ್ಷ ಸ್ಪೇನಿಗೆ ಹೋದಾಗ ಮುಖದ ಒಂದು ಭಾಗ ಸ್ವಾಧೀನ ತಪ್ಪಿತು. ಗುರಿಕಾರನಿಗೆ ಕಣ್ಣು ರೆಪ್ಪೆ ಮಾತು ಕೇಳದಿದ್ದರೆ ಏನುಳಿಯಿತು? ಆದರೂ ಮುಂದಿನ ವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 50 ಮೀಟರ್ ಪಿಸ್ತೂಲಿನ ಬೆಳ್ಳಿ ಅವರದಾಯಿತು. 2016ರಲ್ಲಿ ರಿಯೊ ಒಲಿಂಪಿಕ್ಸಿಗೂ ಹೋದರು. ಬೆಂಗಳೂರಿನವರೇ ಆದ ಟಿ.ಎಸ್. ದಿವ್ಯಾ ಮೊದಲು ಬಾಸ್ಕೆಟ್‌ಬಾಲ್ ಆಡುತ್ತಿದ್ದವರು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನ ತಂಡ, ಮಿಶ್ರ ತಂಡ ಎರಡರಲ್ಲೂ ಬೆಳ್ಳಿ ತಂದರು.

ಅವರು ಹೊಡೆಯುವ ಗುರಿಯ ಅಳತೆ ಕೇಳಿ. ಹತ್ತು ಮೀಟರ್ ದೂರದಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್. ನಮ್ಮ ಕಿರುಬೆರಳಿನ ಉಗುರಿನಷ್ಟು. ಪಿಸ್ತೂಲಿನ ತೂಕ ಒಂದೂವರೆ ಕಿಲೋ ಮೀರಬಾರದು, ಹಿಡಿಯುವುದು ಒಂದೇ ಕೈಯಲ್ಲಿ. 75 ನಿಮಿಷದಲ್ಲಿ 60 ಸಲ. ಹೈದರನ ಸಿಪಾಯಿ ನಿಮಿಷಕ್ಕೆ ಮೂರು ಸಲ ಹಾರಿಸುತ್ತಿದ್ದ. ಇವರು ಒಂದಕ್ಕೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು. ಕೈ ಅಲ್ಲಾಡಿದರೆ ಕೆಳಗಿಳಿಸಿ ಮತ್ತೆ ಎತ್ತುತ್ತಾರೆ. ಹಾರಿಸದೆ ಕೈ ಇಳಿಸುವುದನ್ನು ಕಲಿಯುವುದೇ ದೊಡ್ಡ ಪಾಠ ಎಂದು ನನಗೂ ಹೇಳಿದರು.

ಇವತ್ತು ವೇಮಗಲ್, ನರಸಾಪುರದ ಹೊಲಗಳ ಪಕ್ಕ ಕಾರ್ಖಾನೆಗಳು ಎದ್ದಿವೆ. ಬೆಂಗಳೂರು ಹತ್ತಿರವಾಗಿದೆ. ಆದರೆ ಪಿಸ್ತೂಲು ಹಿಡಿದು ಅಭ್ಯಾಸ ಮಾಡಬೇಕೆಂದರೆ ನಮ್ಮ ಮಕ್ಕಳು ಬಸ್ಸು ಹತ್ತಬೇಕು, ಗಂಟೆಯ ಲೆಕ್ಕದಲ್ಲಿ ಹಣ ಕಟ್ಟಬೇಕು. ಆಟಕ್ಕೆ ಬಳಸುವ 4.5 ಮಿ.ಮೀ.ನ ಕಡಿಮೆ ಶಕ್ತಿಯ ಏರ್ ಪಿಸ್ತೂಲಿಗೆ ಆಯುಧ ಪರವಾನಗಿ ಬೇಕಿಲ್ಲ. ಅದಕ್ಕೆ ಬೇಕಾದ ಜಾಗ ಹನ್ನೆರಡು ಹದಿನೈದು ಮೀಟರ್ ಉದ್ದದ ಒಂದು ಕೋಣೆ, ಹಿಂದೆ ಗಟ್ಟಿ ಗೋಡೆ, ತಿಳಿದ ಒಬ್ಬ ಕಲಿಸುವವರು. ಹಳೆಯ ರೇಷ್ಮೆ ಹುಳು ಮನೆಯೊಂದು ಸಾಕು. ಕಾಲೇಜುಗಳು, ಎನ್‌ಸಿಸಿ ಘಟಕಗಳು, ಪಂಚಾಯಿತಿಗಳು ಮನಸ್ಸು ಮಾಡಿದರೆ ಆಗದ ಕೆಲಸವಲ್ಲ. ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ, ಪ್ರಕಟಣೆ ಬಂದಾಗ ಕೇಳಿ ನೋಡಿ.

ಬೂದಿಕೋಟೆಯಲ್ಲಿ ಹುಟ್ಟಿದ ಓದು ಬಾರದ ಹುಡುಗ ತನ್ನ ಕಾಲದ ಹೊಸ ಆಯುಧವನ್ನು ಕಲಿತು ರಾಜ್ಯ ಕಟ್ಟಿದ. ಈಗ ರಾಜ್ಯ ಕಟ್ಟಬೇಕಿಲ್ಲ. ಕಾಗದದ ಮೇಲಿನ ಉಗುರಗಲದ ಚುಕ್ಕೆಗೆ, ಯಾರಿಗೂ ನೋವಾಗದ ಹಾಗೆ, ನಮ್ಮ ಊರಿನ ಒಂದು ಮಗು ನಿಧಾನವಾಗಿ ಕುದುರೆ ಒತ್ತುವುದನ್ನು ಕಲಿತರೆ ಸಾಕು. ಕ್ಯಾಟರ್‌ಬಿಲ್ಲಿನಲ್ಲಿ ಮಾವಿನಕಾಯಿ ಉದುರಿಸುವ ಕಣ್ಣುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ.